ಟೇಲರನ ಇತಿಹಾಸಾಭಿರುಚಿಯೂ ನಮ್ಮ ಕರ್ತವ್ಯವೂ

ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗಗಳ ತೇದಿ, ಇಷ್ಟೇ ಎಂದು ತಿಳಿದವರು ನಮ್ಮಲ್ಲಿ ಇನ್ನೂ ಬಹುಮಂದಿ ಇರುವರು. ಪ್ರಾಚೀನದಲ್ಲಿ ಮುಳುಗಿದವನು ಅರ್ವಾಚೀನವನ್ನು ಕಣ್ಣೆತ್ತಿ ನೋಡನು. ಅರ್ವಾಚೀನವನ್ನು ಬರೆಯುವವನಿಗೆ ಊರ ಹೊರಗಿನ ಹಳೆಯ ಕಲ್ಲು ಬರಿಯ ಕಲ್ಲು. ಎರಡನ್ನೂ ಸಮಾನವಾದ ಅಕ್ಕರೆಯಿಂದ ಕಂಡ ಲೇಖಕನೊಬ್ಬನು ನಮ್ಮ ಭೀಮಾ-ಕೃಷ್ಣೆಗಳ ನಡುವಣ ಸೀಮೆಯಲ್ಲಿಯೇ ಕೆಲಸಮಾಡಿ ಹೋದನು. ಅವನು ಪರಕೀಯನು, ಆಳುವವರ ಪಕ್ಷದವನು. ಆದರೂ ಅವನಿಂದ ನಾವು ಕಲಿಯತಕ್ಕದ್ದುಂಟು. ಅವನೊಡನೆ ವಾದಿಸತಕ್ಕದ್ದೂ ಉಂಟು.

ಅವನೇ ಫಿಲಿಪ್ ಮೆಡೋಸ್ ಟೇಲರನು. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, 1824ರಲ್ಲಿ ಇನ್ನೂ ಬಾಲಕನಾಗಿರುವಾಗಲೇ ಮುಂಬಯಿಗೆ ಬಂದು, ನಿಜಾಮನ ಸೈನ್ಯವನ್ನು ಸೇರಿದನು. 1841ರಿಂದ 1853ರ ವರೆಗೆ ಸುರಪುರ ಸಂಸ್ಥಾನದ ಕಾರಭಾರವು ಅವನ ಕೈಯಲ್ಲಿದ್ದಿತು.

ನೆಲೋಗಿಯನ್ನೊಳಗೊಂಡ ಜೇವರ್ಗಿ ತಾಲೂಕಿನ ಜನರು ಅವನನ್ನು ವಿಶೇಷವಾಗಿ ನೆನೆಯಬೇಕು. ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ಅಗೆಯಿಸಿ, ಅವು ಪುರಾತನ ಸಮಾಧಿಗಳೆಂದು ಅವನು ಲೋಕಕ್ಕೆ ತಿಳಿಸಿದನು. ರಾಜನಕೋಳೂರಿನ ಕಲ್ಲುಮನೆಗಳನ್ನೂ ಅಳೆದು ವರ್ಣಿಸಿದನು. ನಿಧಿಯ ಆಸೆಗೆ ಅಗೆಯುವವರು ಎಲ್ಲ ಕಾಲದಲ್ಲಿಯೂ ಇರುವರು. ಇವನಾದರೋ ಎಲುಬು, ಮಡಕೆ, ಕಬ್ಬಿಣದ ತುಂಡು ಯಾವ ಮಣ್ಣಿನ ಪದರಿನಲ್ಲಿ ಹೇಗೆ ಬಿದ್ದಿದ್ದವೆಂಬುದನ್ನು ನಕ್ಷೆ ಬರೆದಿಟ್ಟನು. ನೂರು ವರ್ಷಗಳ ತರುವಾಯ ಪುರಾತತ್ತ್ವಜ್ಞನಾದ ಮಾರ್ಟಿಮರ್ ವೀಲರನು ಈ ನಕ್ಷೆಗಳನ್ನು ಮೆಚ್ಚಿದನು. ಈ ಸಮಾಧಿಗಳನ್ನು ಕಟ್ಟಿದವರು ಯುರೋಪಿನ ಕೆಲ್ಟರ ಅಥವಾ ಸಿಥಿಯನ್ನರ ಸಂಬಂಧಿಗಳೆಂದು ಟೇಲರನು ಊಹಿಸಿದ್ದನು. ಆ ಊಹೆಯು ನಿಲ್ಲಲಿಲ್ಲ. ಇವು ದಕ್ಷಿಣದ ಕಬ್ಬಿಣಯುಗದ ಜನರವೆಂದು ಇಂದು ಬಲ್ಲೆವು. ಊಹೆಯು ಬಿದ್ದಿತು, ನಕ್ಷೆಯು ಉಳಿಯಿತು. ಬರೆಯುವವರಿಗೆ ಇದರಲ್ಲಿಯೇ ಒಂದು ಪಾಠವಿರುವದು.

ಇದೇ ಕೈ ಅರ್ವಾಚೀನವನ್ನೂ ಬರೆಯಿತು. 1657ರ ಕಾಲದ ‘ತಾರಾ’, 1757ರ ‘ರಾಲ್ಫ್ ಡಾರ್ನೆಲ್’, 1857ರ ‘ಸೀತಾ’, ಹೀಗೆ ನೂರು ನೂರು ವರ್ಷಗಳ ಅಂತರದ ಮೂರು ಕಾದಂಬರಿಗಳನ್ನೂ, ಚಾಂದಬೀಬಿಯ ಕಥೆಯನ್ನೂ ರಚಿಸಿದನು. ವಿಜಾಪುರದ ಕಟ್ಟಡಗಳ ಚಿತ್ರಸಂಪುಟಕ್ಕೆ 1866ರಲ್ಲಿ ಇತಿಹಾಸಭಾಗವನ್ನು ಬರೆದುಕೊಟ್ಟನು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಹಿಂದುಸ್ಥಾನದ ಇತಿಹಾಸವನ್ನು ಹೊರಡಿಸಿದನು.

ಆದರೆ ಇತಿಹಾಸಕಾರನ ನಿಜವಾದ ಪರೀಕ್ಷೆಯು ತನ್ನ ಕಣ್ಣೆದುರಿನ ಸಂಗತಿಯಲ್ಲಿ ನಡೆಯುವದು. ಸುರಪುರದ ರಾಜಾ ವೆಂಕಟಪ್ಪ ನಾಯಕನು ಟೇಲರನ ಪೋಷಣೆಯಲ್ಲಿ ಬೆಳೆದವನು. ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದವನು. 1858ರಲ್ಲಿ ಆ ತರುಣನು ಇಂಗ್ಲಿಷರ ಮೇಲೆ ಕತ್ತಿಯೆತ್ತಿ ಸೋತು ಸೆರೆಯಾದನು. ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುತ್ತಿರುವಾಗ ಪಿಸ್ತೂಲಿನ ಗುಂಡಿನಿಂದ ಅಸುನೀಗಿದನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು. ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಈ ದುರಂತವನ್ನು ಮರುಗಿಯೇ ಹೇಳಿರುವನು. ಆದರೂ ಅವನ ದೃಷ್ಟಿಯಲ್ಲಿ ಅದು ದುರ್ಬೋಧೆಗೆ ಸಿಕ್ಕ ಹುಡುಗನ ಅವಿವೇಕವು. ನಮಗೆ ಅದು ಸ್ವಾತಂತ್ರ್ಯಕ್ಕಾಗಿ ತೆತ್ತ ಪ್ರಾಣವು. ಸಾವಿರಾರು ವರ್ಷಗಳ ಹಿಂದಿನ ಗೋರಿಯನ್ನು ನಿಷ್ಪಕ್ಷಪಾತವಾಗಿ ನೋಡಿದ ಕಣ್ಣು, ತನ್ನ ಸರಕಾರದ ವಿಷಯ ಬಂದಾಗ ಮಸುಕಾಯಿತು.

ಇದಕ್ಕೆ ಉತ್ತರವು ನಿಂದೆಯಲ್ಲ, ನಮ್ಮವರ ಬರವಣಿಗೆಯೇ. ವಕೀಲವೃತ್ತಿಯ ಕಪಟರಾಳ ಕೃಷ್ಣರಾಯರು ಅಂಥ ಉತ್ತರವನ್ನು ಕೊಟ್ಟರು. ಪ್ರಾಚೀನ ಶಾಸನಗಳನ್ನು ಶೋಧಿಸಿ ಲಾಕುಳಶೈವರ ಇತಿಹಾಸವನ್ನು ಬರೆದ ಅವರೇ ಸುರಪುರ ಸಂಸ್ಥಾನದ ಇತಿಹಾಸವನ್ನೂ ಕನ್ನಡದಲ್ಲಿ ಬರೆದರು. ಅಂಥವರ ಸಂಖ್ಯೆಯು ಹೆಚ್ಚಬೇಕಾಗಿದೆ.

ಆದುದರಿಂದ ಗ್ರಾಮಾಧಿಕಾರಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ವಿನಂತಿಯಿಷ್ಟೇ. ನೆಲೋಗಿಯಂಥ ಊರುಗಳ ಹೊಲಬದುವಿನಲ್ಲಿ ಕಾಣುವ ಹಳೆಯ ಕಲ್ಗುಪ್ಪೆ, ವೀರಗಲ್ಲು, ಶಾಸನಗಳನ್ನು ನೇಗಿಲೂ ಯಂತ್ರವೂ ಮುಟ್ಟುವ ಮೊದಲೇ ಪಟ್ಟಿಮಾಡಿಸಿರಿ. ಮನೆಯ ಪೆಟ್ಟಿಗೆಯಲ್ಲಿರುವ ಮೋಡಿ ಅಕ್ಷರದ ಕಾಗದಗಳನ್ನು ರದ್ದಿಗೆ ಹಾಕದಿರಿ. ಕಲ್ಲೂ ಕಾಗದವೂ ಒಂದೇ ನಾಡಿನ ಸಾಕ್ಷಿಗಳು. ಅವುಗಳನ್ನು ನಾವು ಓದದಿದ್ದರೆ ಪರರು ಓದುವರು. ಆಗ ಅವರು ಹೇಳಿದ ಅರ್ಥವೇ ನಮ್ಮ ಇತಿಹಾಸವಾಗುವದು.