ಮನೆ ಬೀಜ ಹಾಕಿದ್ರೂ ಬ್ಯಾಡಗಿ ಮೆಣಸಿನಕಾಯಿ ಬೆರಕೆ ಆಗೋದು ಯಾಕೆ?

ಬ್ಯಾಡಗಿ: ಹೋದ ವರ್ಷ ಛಲೋ ಬಂದಿದ್ದ ಹೊಲದ್ದೇ ಬೀಜ. ಈ ವರ್ಷ ನೋಡಿದ್ರೆ ಒಂದು ಗಿಡದ ಕಾಯಿ ಉದ್ದ, ಪಕ್ಕದ ಗಿಡದ್ದು ಗಿಡ್ಡ. ಬೆರಕೆ ಮಾಲಿಗೆ ಟೆಂಡರ್‌ನಲ್ಲಿ ರೇಟು ಸಿಗೋದು ಕಷ್ಟ. ಬೈಸಿಕೊಳ್ಳೋದು ಮಾತ್ರ ಬೀಜದ ಅಂಗಡಿಯವರು.

ಹಾಕಿದ್ದು ಹೈಬ್ರಿಡ್ ಆಗಿದ್ದರೆ ಕಾರಣ ಸುಲಭ. ಎರಡು ಬೇರೆ ತಳಿ ಕೂಡಿಸಿದ ಮೊದಲ ಪೀಳಿಗೆ ಒಂದೇ ಸಮ ಬರುತ್ತದೆ, ಇಳುವರಿಯೂ ಜಾಸ್ತಿ. ಅದರದ್ದೇ ಬೀಜ ತೆಗೆದು ಹಾಕಿದರೆ ಗುಣಗಳು ಒಡೆದು ಚೆಲ್ಲಾಪಿಲ್ಲಿ. ಒಬ್ಬನೇ ಅಜ್ಜನ ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ಥರ ಇರೋದಿಲ್ವಾ, ಹಾಗೆ.

2011ರಲ್ಲಿ ಜಿಐ ಮಾನ್ಯತೆ ಸಿಕ್ಕ ನಮ್ಮ ಡಬ್ಬಿ, ಕಡ್ಡಿ ತಳಿಗಳ ಕಥೆ ಬೇರೆ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದ್ರೆ ಜೇನ್ನೊಣ ಪಕ್ಕದ ಹೊಲದ ಖಾರದ ತಳಿಯ ಪರಾಗ ತಂದು ಹಾಕಿದ್ರೆ? ಆ ವರ್ಷದ ಕಾಯಿ ನೋಡೋಕೆ ಏನೂ ವ್ಯತ್ಯಾಸ ಇರೋದಿಲ್ಲ. ಬೆರಕೆ ಇರೋದು ಒಳಗಿನ ಬೀಜದಲ್ಲಿ, ಕಾಣೋದು ಮುಂದಿನ ವರ್ಷ. ಪ್ರಮಾಣಿತ ಬೀಜ ಬೆಳೆಯೋರು ಬೇರೆ ತಳಿಯಿಂದ 200 ಮೀಟರ್ ದೂರ ಇರಬೇಕು ಅಂತ ನಿಯಮ ಇದೆ. ಎರಡು ಎಕರೆ ಇರೋನು ಅಷ್ಟು ದೂರ ಎಲ್ಲಿಂದ ತರಬೇಕು?

ಹಾಗಂತ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಇರೋದು ಪೂರ್ತಿ ಕೆಟ್ಟದ್ದಲ್ಲ. ಎಲ್ಲ ಗಿಡ ಒಂದೇ ಥರ ಇದ್ದರೆ ಆರಿಸೋಕೆ ಏನೂ ಉಳಿಯಲ್ಲ. ತಪ್ಪಾಗೋದು ಆರಿಸೋದರಲ್ಲಿ. ರಾಶಿಯಿಂದ ದಪ್ಪ ಕಾಯಿ ಹೆಕ್ಕಿ ಬೀಜಕ್ಕೆ ಇಡ್ತೀವಿ. ಕಾಯಿ ದಪ್ಪ ಆದಷ್ಟೂ ಗಿಡದಲ್ಲಿ ಕಾಯಿ ಸಂಖ್ಯೆ ಸಾಮಾನ್ಯವಾಗಿ ಕಡಿಮೆ, ಇಳುವರಿ ಎರಡೂ ಸೇರಿದ ಲೆಕ್ಕ. ಕಾಯಿಯ ಉದ್ದ, ತೂಕ ಬಹಳಷ್ಟು ತಳಿಯಿಂದಲೇ ಬರುತ್ತವೆ. ಒಟ್ಟು ಇಳುವರಿ ಮಾತ್ರ ನೀರು, ಗೊಬ್ಬರ, ಥ್ರಿಪ್ಸ್ ಕಾಟದ ಮೇಲೂ ನಿಂತಿದೆ. ತಿಪ್ಪೆ ಪಕ್ಕದ ಗಿಡ ಜಗ್ಗಿ ಕಾಯಿ ಬಿಟ್ಟರೆ ಅದು ತಿಪ್ಪೆಯ ಗುಣ.

ಅದಕ್ಕೆ ಹೊಲದ ನಡುವೆ, ಎಲೆ ಮುರುಟು ಇಲ್ಲದ, ಕಾಯಿ ಸಂಖ್ಯೆ, ಆಕಾರ, ಬಣ್ಣ ಮೂರೂ ಚೆನ್ನಾಗಿರೋ ಗಿಡ ನೋಡಿ ಬಟ್ಟೆ ಚೂರು ಕಟ್ಟಿ. ಒಂದೆರಡು ಸಾಲದು, ನಲವತ್ತು ಐವತ್ತು ಗಿಡ ಇರಲಿ. ಆ ಗಿಡಗಳಲ್ಲಿ ಮುಂದೆ ಬರೋ ಮೊಗ್ಗು ಅರಳೋ ಮುಂಚೆ ಟೊಂಗೆಗೆ ತೆಳು ಬಟ್ಟೆಯ ಚೀಲ ಹಾಕಿ, ನೊಣ ಒಳಗೆ ಹೋಗಬಾರದು. ಕಾಯಿ ಕಟ್ಟಿದ ಮೇಲೆ ಚೀಲ ತೆಗೆದರೂ ಆ ಕಾಯಿಗೆ ದಾರ ಕಟ್ಟಿ ಗುರುತು ಇಡಿ. ಬೀಜಕ್ಕೆ ಅದೇ ಕಾಯಿ. ಕೊಯ್ಯೋ ಆಳುಗಳಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಅದೂ ಚೀಲ ಸೇರಿ ಮಾರ್ಕೆಟ್‌ಗೆ ಹೋಗಿಬಿಡುತ್ತೆ.