ಹುಡಿ ಒಲೆ ಮತ್ತು ಗಾಳಿಯ ಲೆಕ್ಕ

ಸಾಮಿಲ್ಲಿನಲ್ಲಿ ಒಂದು ದಿಮ್ಮಿಯನ್ನು 25 ಮಿ.ಮೀ. ದಪ್ಪದ ಹಲಗೆಗಳಾಗಿ ಸೀಳುತ್ತಿದ್ದಾರೆ ಎಂದುಕೊಳ್ಳಿ. ಗರಗಸ ಪ್ರತಿ ಸಲ ಹಾದುಹೋಗುವಾಗಲೂ ಸುಮಾರು 3 ಮಿ.ಮೀ. ಮರವನ್ನು ತಿಂದು ಹುಡಿ ಮಾಡುತ್ತದೆ. ಹತ್ತು ಹಲಗೆ ಸೀಳುವಷ್ಟರಲ್ಲಿ ಒಂದು ಹಲಗೆಗೂ ಮೀರಿದ ಮರ ನೆಲದ ಮೇಲೆ ಹುಡಿಯಾಗಿ ಬಿದ್ದಿರುತ್ತದೆ. ಬಡಗಿ ಆ ಹಲಗೆಗೆ ಹತ್ತರಿ ಹೊಡೆಯುವಾಗ ಉದುರುವ ಸುರುಳಿ ಸಿಪ್ಪೆಯ ಲೆಕ್ಕ ಬೇರೆ. ನಲವತ್ತು ಐವತ್ತು ವರ್ಷ ಬೆಳೆದ ಮರದ ಇಷ್ಟು ದೊಡ್ಡ ಪಾಲು ಎಷ್ಟೋ ಕಡೆ ಮಿಲ್ಲಿನ ಹಿಂಬದಿಯಲ್ಲಿ ಗುಡ್ಡೆಯಾಗಿ ಬಿದ್ದು ಮಳೆಗೆ ಕೊಳೆಯುತ್ತದೆ, ಇಲ್ಲವೇ ಯಾರೋ ಕೊಟ್ಟ ಬೆಂಕಿಗೆ ದಿನಗಟ್ಟಲೆ ಹೊಗೆಯಾಡುತ್ತದೆ. ಎರಡೂ ಆಗಬೇಕಾಗಿಲ್ಲ. ಈ ಹುಡಿಗೆ ಎಂಥ ಕೆಲಸಗಳು ಗೊತ್ತು ಎಂಬುದು ಅದರೊಳಗಿನ ಗಾಳಿಯನ್ನು ಗಮನಿಸಿದರೆ ತಿಳಿಯುತ್ತದೆ.

ಮರದ ಜೀವಕೋಶಗಳ ಗೋಡೆ ನೀರಿಗಿಂತ ಒಂದೂವರೆ ಪಟ್ಟು ಸಾಂದ್ರವಾದ ವಸ್ತು. ಅದರಿಂದಲೇ ಒಂದು ಘನ ಮೀಟರ್ ಜಾಗವನ್ನು ಸಂದಿಲ್ಲದೆ ತುಂಬಿದರೆ ತೂಕ ಸುಮಾರು 1500 ಕಿಲೋ ಬರುತ್ತದೆ. ಅಷ್ಟೇ ಜಾಗದಲ್ಲಿ ಒಣಗಿದ ಸಡಿಲ ಹುಡಿ ತುಂಬಿ ತೂಗಿದರೆ 150ರಿಂದ 200 ಕಿಲೋ ಮಾತ್ರ. ಅಂದರೆ ಮರದ ಹುಡಿಯ ರಾಶಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಬರೀ ಗಾಳಿ. ಈ ಗಾಳಿಯನ್ನು ಹಿಡಿತದಲ್ಲಿಟ್ಟರೆ ಹುಡಿ ಉರುವಲಾಗುತ್ತದೆ, ಅಲುಗದಂತೆ ನಿಲ್ಲಿಸಿದರೆ ಶಾಖಕ್ಕೆ ತಡೆಯಾಗುತ್ತದೆ, ಹಿಂಡಿ ತೆಗೆದರೆ ಕೊರಡಾಗುತ್ತದೆ. ಲೆಕ್ಕ ತಪ್ಪಿದರೆ ಸ್ಫೋಟವೂ ಆಗುತ್ತದೆ.

ಒಲೆಯ ಒಳಗೆ

ಈ ಲೆಕ್ಕವನ್ನು ಅತಿ ಚೆನ್ನಾಗಿ ಕಲಿಸುವ ಯಂತ್ರ ಹುಡಿ ಒಲೆ. ಕೆಲವು ಕಡೆ ಇದನ್ನು ಹೊಟ್ಟಿನ ಒಲೆ ಎನ್ನುತ್ತಾರೆ. ಇದರಲ್ಲಿ ತಿರುಗುವ ಭಾಗ ಒಂದೂ ಇಲ್ಲ. ತಗಡಿನ ಒಂದು ಡಬ್ಬ, ಅದರ ಬುಡದಲ್ಲಿ ಪಕ್ಕಕ್ಕೆ ಒಂದು ತೂತು, ಮೇಲೆ ಪಾತ್ರೆ ಕೂರಲು ಮೂರು ಗುಬುಟು, ಇಷ್ಟೇ. ನಿಜವಾದ ಒಲೆ ಸಿದ್ಧವಾಗುವುದು ಹುಡಿ ತುಂಬುವ ಹೊತ್ತಿನಲ್ಲಿ.

ಡಬ್ಬದ ನಡುವೆ ಒಂದು ನುಣುಪಾದ ಕೋಲನ್ನೋ ಕೊಳವೆಯನ್ನೋ ನೆಟ್ಟಗೆ ನಿಲ್ಲಿಸಬೇಕು. ಬುಡದ ತೂತಿನಿಂದ ಇನ್ನೊಂದು ಕೋಲನ್ನು ಅಡ್ಡಲಾಗಿ ತೂರಿಸಿ ಮೊದಲನೆಯದಕ್ಕೆ ಮುಟ್ಟಿಸಬೇಕು. ಆಮೇಲೆ ಒಣ ಹುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ, ಸುತ್ತಲೂ ಗಟ್ಟಿಯಾಗಿ ಜಡಿಯುತ್ತ ಬರಬೇಕು. ಡಬ್ಬ ತುಂಬಿದ ಮೇಲೆ ಅಡ್ಡ ಕೋಲನ್ನು ಹೊರಗೆಳೆದು, ನೆಟ್ಟ ಕೋಲನ್ನು ಮೆಲ್ಲಗೆ ತಿರುಗಿಸುತ್ತ ಮೇಲಕ್ಕೆ ತೆಗೆದರೆ ಬುಡದಿಂದ ಒಳಹೊಕ್ಕು ನಡುವಿನಿಂದ ಮೇಲೇಳುವ ಒಂದು ಸುರಂಗ ಉಳಿಯುತ್ತದೆ. ಬುಡದ ತೂತಿನಲ್ಲಿ ಒಂದೆರಡು ಚಕ್ಕೆಗೆ ಬೆಂಕಿ ಹಚ್ಚಿ ಒಳಗೆ ತಳ್ಳಿದರೆ ಜ್ವಾಲೆ ಸುರಂಗದ ಗೋಡೆಯನ್ನು ಹಿಡಿದು ಮೇಲಕ್ಕೆ ಬರುತ್ತದೆ. ಡಬ್ಬ ದೊಡ್ಡದಿದ್ದರೆ ಮತ್ತೆ ಉರುವಲು ಹಾಕದೆ, ಊದದೆ, ಒಂದೇ ಸಮನೆ ಗಂಟೆಗಟ್ಟಲೆ ಉರಿಯುತ್ತದೆ. ಹೋಟೆಲಿನ ಅಡುಗೆಗೆ, ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವುದಕ್ಕೆ, ಒಟ್ಟಿನಲ್ಲಿ ಹೆಚ್ಚು ಹೊತ್ತು ಸಮ ಉರಿ ಬೇಕಾದಲ್ಲಿ ಇದು ಹೇಳಿ ಮಾಡಿಸಿದ ಒಲೆ.

ಸಡಿಲ ಹುಡಿಯ ಮೇಲೆ ಕಡ್ಡಿ ಗೀರಿ ಹಾಕಿದರೆ ಹೊಗೆ ಬಂದೀತೇ ಹೊರತು ಇಂಥ ಉರಿ ಬರುವುದಿಲ್ಲ. ಒಲೆಯಲ್ಲಿ ಮಾತ್ರ ಬರುವುದು ಏಕೆ? ಮರ ಕಟ್ಟಿಗೆಯಾಗಿಯೇ ಉರಿಯುವುದಿಲ್ಲ. ಸುಮಾರು 250ರಿಂದ 350 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಒಡೆದು ಅನಿಲಗಳನ್ನು ಬಿಡುತ್ತದೆ, ಜ್ವಾಲೆಯಾಗಿ ಉರಿಯುವುದು ಆ ಅನಿಲಗಳು. ಹಿಂದೆ ಉಳಿಯುವ ಇದ್ದಿಲು ಕೆಂಡವಾಗುತ್ತದೆ. ಹುಡಿಯನ್ನು ಗಟ್ಟಿಯಾಗಿ ಜಡಿದಾಗ ಒಳಗಿನ ಪದರಗಳಿಗೆ ಗಾಳಿ ನುಗ್ಗಲು ದಾರಿ ಇರುವುದಿಲ್ಲ. ಅವು ಕಾದು ಅನಿಲ ಬಿಡುತ್ತವೆ, ಆದರೆ ಅಲ್ಲೇ ಉರಿಯಲಾರವು. ಆ ಅನಿಲ ಸುರಂಗಕ್ಕೆ ಬಂದು, ಬುಡದಿಂದ ಏರುವ ಗಾಳಿಯೊಡನೆ ಸೇರಿ ಉರಿಯುತ್ತದೆ. ಬಿಸಿ ಅನಿಲ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ತಾನಾಗಿ ಒಳಗೆ ಬರುತ್ತದೆ. ಹೀಗೆ ಡಬ್ಬದ ನಡುವೆಯೇ ಒಂದು ಚಿಮಣಿ ಹುಟ್ಟಿಕೊಳ್ಳುತ್ತದೆ, ಆ ಚಿಮಣಿಯ ಗೋಡೆಯೇ ಉರುವಲು.

ಬೆಂಕಿ ಒಳಗಿನಿಂದ ಹೊರಕ್ಕೆ ಸರಿಯುತ್ತದೆ. ಸುರಂಗದ ಅಗಲ 5 ಸೆಂ.ಮೀ. ಇದ್ದದ್ದು 10 ಸೆಂ.ಮೀ. ಆಗುವಷ್ಟರಲ್ಲಿ ಉರಿಯುವ ಗೋಡೆಯ ವಿಸ್ತೀರ್ಣ ಎರಡು ಪಟ್ಟಾಗುತ್ತದೆ. ಅದಕ್ಕೇ ಮೊದಲು ಸಣ್ಣಗಿದ್ದ ಉರಿ ಬರಬರುತ್ತ ಜೋರಾಗುತ್ತದೆ. ಬುಡದ ತೂತನ್ನು ಅರ್ಧ ಮುಚ್ಚಿದರೆ ಗಾಳಿ ಕಡಿಮೆಯಾಗಿ ಉರಿ ಇಳಿಯುತ್ತದೆ. ಇನ್ನೂ ಉರಿಯದ ಹುಡಿಯ ಪದರ ಶಾಖವನ್ನು ಡಬ್ಬದ ಮೈಗೆ ಹೋಗಗೊಡದೆ ತಡೆಯುವುದರಿಂದ ಶಾಖದ ಬಹುಪಾಲು ಪಾತ್ರೆಯ ಕಡೆಗೇ ಹೋಗುತ್ತದೆ.

ಇದಕ್ಕೆಲ್ಲ ಹುಡಿ ಒಣಗಿರಲೇಬೇಕು. ಹಸಿ ದಿಮ್ಮಿ ಕೊಯ್ದ ಹುಡಿಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕಿಲೋ ಒಣ ಹುಡಿ ಸುಮಾರು 4000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಅರ್ಧ ನೀರಿರುವ ಒಂದು ಕಿಲೋ ಹುಡಿಯಲ್ಲಿ ಮರವೇ ಅರ್ಧ ಕಿಲೋ, ಬರುವ ಶಾಖ 2000 ಕಿಲೋಕ್ಯಾಲರಿ. ಅದರಲ್ಲೂ 300ರಷ್ಟು ಆ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಸುರಂಗ ತಣ್ಣಗಾಗಿ ಅನಿಲ ಉರಿಯದೆ ಹೊಗೆಯಾಗಿ ಹೊರಬರುತ್ತದೆ. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ಈ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಹಚ್ಚಲೇಬಾರದು. ಹೊಗೆ ಹೋಗಲು ದಾರಿ ಇರುವ ಕಡೆ, ಅಥವಾ ಹೊರಗಿನ ಮಾಡಿನ ಕೆಳಗೆ ಇಡಬೇಕು.

ಅಗರಬತ್ತಿ, ಕೊರಡು, ಮಂಜುಗಡ್ಡೆ

ಬೆಂಗಳೂರು, ಮೈಸೂರುಗಳ ಹೆಸರು ಹೊತ್ತು ದೇಶವಿದೇಶಕ್ಕೆ ಹೋಗುವ ಅಗರಬತ್ತಿಯಲ್ಲಿ ನಡೆಯುವುದೂ ಗಾಳಿಯನ್ನು ಹಿಡಿತದಲ್ಲಿಡುವ ಇದೇ ಕೆಲಸ. ಮರದ ಪುಡಿ, ಇದ್ದಿಲ ಪುಡಿ ಮತ್ತು ಅಂಟಾಗಿ ಜಿಗಟು ಪುಡಿಯನ್ನು ನೀರಿನಲ್ಲಿ ಕಲಸಿ ಬಿದಿರಿನ ಕಡ್ಡಿಗೆ ಮೆತ್ತುತ್ತಾರೆ. ಒತ್ತಾಗಿ ಮೆತ್ತಿದ ಈ ಪುಡಿಗೆ ಹೊರಮೈಯಲ್ಲಷ್ಟೇ ಗಾಳಿ ಸಿಗುವುದರಿಂದ ಅದು ಜ್ವಾಲೆಯಾಗದೆ ಕೆಂಡವಾಗಿ ನಿಧಾನ ಇಳಿಯುತ್ತದೆ. ಶ್ರೀಗಂಧದ ಹುಡಿಯಂತೂ ಎಂದೂ ಕಸವಾದದ್ದಿಲ್ಲ. ಗರಗಸದಡಿ ಬಿದ್ದದ್ದನ್ನೂ ಗುಡಿಸಿ ತೂಗಿ ಮಾರುತ್ತಾರೆ. ಗಂಧಕ್ಕೆ ತೋರಿಸುವ ಈ ಮರ್ಯಾದೆಯಲ್ಲಿ ಒಂದಿಷ್ಟು ಹಲಸು, ತೇಗ, ಅಕೇಶಿಯಾಗಳಿಗೂ ಸಲ್ಲಬೇಕು.

ಗಾಳಿಯ ಬಹುಪಾಲನ್ನು ಹಿಂಡಿ ಹಾಕುವ ಯಂತ್ರವೂ ಇದೆ. ಬ್ರಿಕೆಟ್ ಪ್ರೆಸ್ ಹೆಸರಿನ ಈ ಯಂತ್ರದಲ್ಲಿ ಭಾರದ ಗಾಲಿಯೊಂದು ತಿರುಗುತ್ತ ಉಕ್ಕಿನ ಕೊಂತವನ್ನು ಹಿಂದೆ ಮುಂದೆ ಆಡಿಸುತ್ತದೆ. ಕೊಂತ ಪ್ರತಿ ಏಟಿಗೂ ಒಂದಿಷ್ಟು ಹುಡಿಯನ್ನು ಕಿರಿದಾಗುತ್ತ ಹೋಗುವ ಅಚ್ಚಿನೊಳಗೆ ಹೊಡೆದು ತಳ್ಳುತ್ತದೆ. ಯಾವ ಅಂಟನ್ನೂ ಬೆರೆಸದೆ ಈಚೆ ಗಟ್ಟಿ ಕೊರಡು ಬರುತ್ತದೆ. ಅಂಟು ಮರದೊಳಗೇ ಇದೆ, ಅದರ ಹೆಸರು ಲಿಗ್ನಿನ್. ಮರದ ನಾರುಗಳನ್ನು ಒಂದಕ್ಕೊಂದು ಹಿಡಿದು ನಿಲ್ಲಿಸುವ ಈ ವಸ್ತು ಒತ್ತಡ ಮತ್ತು ತಿಕ್ಕಾಟದ ಶಾಖಕ್ಕೆ ಮೆತ್ತಗಾಗಿ ಕಣಕಣಗಳ ನಡುವೆ ಹರಡುತ್ತದೆ, ತಣಿದಾಗ ಮತ್ತೆ ಗಟ್ಟಿಯಾಗುತ್ತದೆ. ಇಲ್ಲಿಯೂ ತೇವದ ಲೆಕ್ಕ ಮುಖ್ಯ. ನೂರಕ್ಕೆ ಹತ್ತರ ಆಸುಪಾಸಿನಲ್ಲಿ ತೇವ ಇರಬೇಕು. ಹೆಚ್ಚಾದರೆ ಒಳಗೆ ಆವಿ ಕಟ್ಟಿ ಕೊರಡು ಸಿಡಿದು ಬಿರಿಯುತ್ತದೆ. ಘನ ಮೀಟರಿಗೆ 200 ಕಿಲೋ ಮೀರದ ಹುಡಿ ಇಲ್ಲಿ 1000 ಕಿಲೋ ದಾಟುವುದರಿಂದ ಕೊರಡು ನೀರಿನಲ್ಲಿ ಮುಳುಗುತ್ತದೆ. ಸ್ವಲ್ಪ ಹೊತ್ತು ಅಲ್ಲೇ ಬಿಟ್ಟರೆ ಅರಳಿ ಮತ್ತೆ ಹುಡಿಯಾಗುತ್ತದೆ, ಆದ್ದರಿಂದ ಮಳೆ ತಾಗದಂತೆ ಕಾಪಾಡಬೇಕು. ಹಲವು ಲಾರಿಯ ಸಡಿಲ ಹುಡಿ ಒಂದೇ ಲಾರಿಯಲ್ಲಿ ಹೋಗುವುದರಿಂದ ಕಾರ್ಖಾನೆಗಳ ಬಾಯ್ಲರಿಗೆ ಇದನ್ನು ದೂರದ ಊರುಗಳಿಂದಲೂ ತರಿಸುತ್ತಾರೆ. ವ್ಯಾಪಾರದಲ್ಲಿ ಇದಕ್ಕೆ ವೈಟ್ ಕೋಲ್ ಎಂಬ ಹೆಸರಿದೆ.

ಇನ್ನು ಗಾಳಿಯನ್ನು ಅಲುಗದಂತೆ ನಿಲ್ಲಿಸುವ ಕೆಲಸ. ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಸುಮಾರು 180 ಟನ್ ಕೆರೆಯ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತಕ್ಕೆ ಕಳಿಸಿದ. ನಾಲ್ಕು ತಿಂಗಳ ಪಯಣದ ಕೊನೆಗೆ ನೂರು ಟನ್ನಿನಷ್ಟು ಉಳಿದಿತ್ತು. ಈ ವ್ಯಾಪಾರ ಬೆಳೆದಂತೆ ಗಡ್ಡೆಗಳ ಸುತ್ತ ತುಂಬಲು ಮರದ ಹುಡಿಯೇ ಮೆಚ್ಚಿನ ವಸ್ತುವಾಯಿತು. ಅಮೆರಿಕದ ಮಿಲ್ಲುಗಳು ಹೊಳೆಗೆ ಸುರಿಯುತ್ತಿದ್ದ ಹುಡಿಗೆ ಬೆಲೆ ಬಂತು. ಮದ್ರಾಸಿನಲ್ಲಿ ಆ ಮಂಜುಗಡ್ಡೆಯನ್ನು ಕೂಡಿಡಲು 1842ರಲ್ಲಿ ಕಟ್ಟಿಸಿದ ಐಸ್ ಹೌಸ್ ಇಂದು ವಿವೇಕಾನಂದ ಸ್ಮಾರಕವಾಗಿದೆ. ಮಂಜುಗಡ್ಡೆಯನ್ನು ಹುಡಿಯಲ್ಲಿ ಹೂತು ಗೋಣಿಚೀಲ ಹೊದಿಸಿಡುವ ಪದ್ಧತಿಯೂ ಇದೇ ವಿಜ್ಞಾನದ ಮೇಲೆ ನಿಂತಿದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಜೆಫ್ರಿ ಪೈಕ್ ಮಂಜುಗಡ್ಡೆಯ ಹಡಗು ಕಟ್ಟುವ ಯೋಚನೆ ಮುಂದಿಟ್ಟ. ಬರೀ ಮಂಜುಗಡ್ಡೆ ಪೆಟ್ಟು ಬಿದ್ದರೆ ಸೀಳುತ್ತದೆ. ತೂಕದಲ್ಲಿ 86 ಪಾಲು ನೀರಿಗೆ 14 ಪಾಲು ಮರದ ಹುಡಿ ಅಥವಾ ತಿರುಳು ಬೆರೆಸಿ ಹೆಪ್ಪುಗಟ್ಟಿಸಿದರೆ ಬಿರುಕು ನಾರಿನ ಬಳಿಯೇ ನಿಂತುಬಿಡುತ್ತದೆ, ಕರಗುವುದೂ ನಿಧಾನ. ಪೈಕ್‌ರೀಟ್ ಎಂದು ಹೆಸರಾದ ಈ ವಸ್ತುವಿನ ಮೇಲೆ ಪ್ರಯೋಗ ನಡೆಸಿದವರಲ್ಲಿ ಮುಂದೆ 1962ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಪೆರುಟ್ಸ್ ಕೂಡ ಒಬ್ಬರು. ಹಡಗನ್ನು ಮಾತ್ರ ಕಟ್ಟಲಿಲ್ಲ.

ನಾರಿನ ಈ ಬಲ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾರರಿಗೂ ಗೊತ್ತು. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಮರದ ಹುಡಿ ಮತ್ತು ಹುಣಸೆ ಬೀಜದ ಸರಿ ಬೆರೆಸಿ ಕಿಟ್ಟ ತಯಾರಿಸುತ್ತಾರೆ. ಹಗುರ ಮರದ ಗೊಂಬೆಯ ಮೈಗೆ ಕಿಟ್ಟ ಮೆತ್ತಿ ಕೈಯಲ್ಲೇ ರೂಪ ಕೊಡುತ್ತಾರೆ. ಸಂದಿನ ಗಾಳಿ ಇದ್ದಲ್ಲೆಲ್ಲ ಸರಿ ತುಂಬಿಕೊಂಡು, ಒಣಗಿದ ಮೇಲೆ ಬಣ್ಣ ಹಿಡಿಯುವ ಗಟ್ಟಿ ಮೈಯಾಗುತ್ತದೆ.

ತೋಟ ಮತ್ತು ಕೊಟ್ಟಿಗೆ

ತೋಟಕ್ಕೆ ಹುಡಿ ಹಾಕುವವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಹುಡಿಯನ್ನು ನೇರವಾಗಿ ಮಣ್ಣಿಗೆ ಬೆರೆಸಿದರೆ ಗಿಡ ಹಳದಿಯಾಗುತ್ತದೆ. ಹುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ 200ರಿಂದ 500 ಪಾಲು ಇಂಗಾಲ ಇರುತ್ತದೆ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಹಿತವಾದದ್ದು ಒಂದಕ್ಕೆ 25-30. ಕೊರತೆ ಬಿದ್ದ ಸಾರಜನಕವನ್ನು ಅವು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ, ಬೇರಿಗೆ ಸಿಗುವುದಿಲ್ಲ. ಒಂದು ಬುಟ್ಟಿ ಹುಡಿಗೆ ಎರಡು ಮೂರು ಬುಟ್ಟಿ ಹಸಿ ಸಗಣಿ ಬೆರೆಸಿ, ಗಂಜಲ ಚಿಮುಕಿಸಿ, ಆಗಾಗ ಮಗುಚಿ ಗಾಳಿ ಆಡಿಸುತ್ತ ತಿಂಗಳುಗಟ್ಟಲೆ ಕಳಿಯಲು ಬಿಟ್ಟರೆ ಒಳ್ಳೆಯ ಗೊಬ್ಬರ ಸಿಗುತ್ತದೆ. ಮಗುಚದಿದ್ದರೆ ನಡುವೆ ಗಾಳಿಯಿಲ್ಲದೆ ಹುಳಿ ವಾಸನೆ ಹೊಡೆಯುತ್ತದೆ. ಬೆರೆಸದೆ ಮೇಲುಹೊದಿಕೆಯಾಗಿ ಹರಡುವುದಾದರೆ ದಪ್ಪ ಸಿಪ್ಪೆಯೇ ವಾಸಿ. ಅದರ ಸಂದಿನಲ್ಲಿ ಗಾಳಿಯೂ ಮಳೆನೀರೂ ಇಳಿಯುತ್ತವೆ.

ಕೊಟ್ಟಿಗೆಯಲ್ಲೂ ಕೋಳಿ ಫಾರಂನಲ್ಲೂ ಹಾಸಲು ಸಿಪ್ಪೆಯೇ ಮೇಲು. ತೇವವನ್ನು ಹೀರುತ್ತದೆ, ದೂಳೆಬ್ಬಿಸುವುದಿಲ್ಲ. ಹಸಿ ಮರದ ನುಣ್ಣನೆಯ ಹುಡಿ ಹಾಸಿದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ಹಸುಗಳಿಗೆ ಕೆಚ್ಚಲು ಬಾವು ತರಬಲ್ಲದು. ಹಾಸುವ ಮುನ್ನ ಚೆನ್ನಾಗಿ ಒಣಗಿಸಬೇಕು, ತೇವವಾದದ್ದನ್ನು ದಿನವೂ ತೆಗೆಯಬೇಕು. ಹೀಗೆ ತೆಗೆದದ್ದರಲ್ಲಿ ಗಂಜಲದ ಸಾರಜನಕ ಆಗಲೇ ಸೇರಿರುವುದರಿಂದ ಅದು ಗೊಬ್ಬರದ ಗುಂಡಿಗೆ ಇನ್ನೂ ಒಳ್ಳೆಯದು.

ಎಚ್ಚರ ಎಲ್ಲಿ

ಗಾಳಿ ಅತಿಯಾದಾಗ ಹುಡಿ ಅಪಾಯಕಾರಿ. ನುಣ್ಣನೆಯ ದೂಳು ಕೋಣೆಯ ತುಂಬ ತೇಲುತ್ತಿದ್ದರೆ ಪ್ರತಿ ಕಣದ ಸುತ್ತಲೂ ಗಾಳಿ ಇರುತ್ತದೆ. ಒಂದು ಕಿಡಿ ಬಿದ್ದರೆ ಎಲ್ಲ ಕಣಗಳೂ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಮರದ ಮಿಲ್ಲುಗಳು ಹೀಗೆ ಸ್ಫೋಟಿಸಿ ನಾಲ್ವರು ಕಾರ್ಮಿಕರು ಸತ್ತರು. ತೊಲೆಗಳ ಮೇಲೆ, ಮೋಟಾರಿನ ಮೇಲೆ ದೂಳು ಕೂರದಂತೆ ಗುಡಿಸುವುದು ಜೀವ ಉಳಿಸುವ ಕೆಲಸ. ಅಗಸೆ ಎಣ್ಣೆ ಹೀರಿದ ಹುಡಿಯನ್ನು ಮೂಲೆಯಲ್ಲಿ ಗುಡ್ಡೆ ಹಾಕಿದರೆ ತಾನೇ ಕಾದು ಹೊತ್ತಿಕೊಳ್ಳಬಹುದು. ಮರದ ದೂಳು ಮೂಗಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರ ವರದಿಯಲ್ಲೇ ಹೇಳಿದೆ. ಗರಗಸದ ಮುಂದೆ ದಿನವಿಡೀ ನಿಲ್ಲುವವರಿಗೆ ಒಳ್ಳೆಯ ಮಾಸ್ಕ್ ಮತ್ತು ದೂಳು ಹೀರುವ ಯಂತ್ರ ಕೊಡುವುದು ಮಾಲೀಕರ ಕರ್ತವ್ಯ.

ಕೊನೆಯದಾಗಿ ಬಹಳ ಮುಖ್ಯವಾದ ಮಾತು. ಪ್ಲೈವುಡ್, ಎಂಡಿಎಫ್ ಹಲಗೆಗಳ ಹುಡಿಯಲ್ಲಿ ಫಾರ್ಮಾಲ್ಡಿಹೈಡ್ ಸೇರಿದ ಅಂಟಿರುತ್ತದೆ. ಗೆದ್ದಲು ಹಿಡಿಯದಂತೆ ರಾಸಾಯನಿಕ ಕುಡಿಸಿದ ಮರದಲ್ಲಿ ಆರ್ಸೆನಿಕ್ ಇರಬಹುದು. ಇಂಥ ಹುಡಿ ಒಲೆಗೂ ಸಲ್ಲ, ಗೊಬ್ಬರಕ್ಕೂ ಸಲ್ಲ, ಕೊಟ್ಟಿಗೆಗೂ ಸಲ್ಲ. ಈಗ ಬಡಗಿ ಅಂಗಡಿಗಳಲ್ಲಿ ಇದೂ ಅಪ್ಪಟ ಮರದ ಹುಡಿಯೂ ಒಂದೇ ಚೀಲಕ್ಕೆ ಬೀಳುತ್ತವೆ, ಹಾಗೆ ಬಿದ್ದ ಗಳಿಗೆಯಲ್ಲೇ ಒಳ್ಳೆಯ ಹುಡಿಯೂ ಕೆಡುತ್ತದೆ. ಪ್ರತಿ ಅಂಗಡಿಯಲ್ಲೂ ಎರಡು ಚೀಲ ಇಟ್ಟು, ಅಪ್ಪಟ ಮರದ ಹುಡಿಯನ್ನು ಮಾಡಿನ ಕೆಳಗೆ ಒಣದಾಗಿ ಕಾದಿಟ್ಟರೆ ಸಾಕು. ಅದನ್ನು ಕೇಳಿಕೊಂಡು ಬರುವ ರೈತ, ಹೋಟೆಲಿನವರು, ಗೊಂಬೆಗಾರರು ಊರಲ್ಲೇ ಇದ್ದಾರೆ. ಮರ ಕಡಿದ ಮೇಲೆ ಅದರ ಕೊನೆಯ ಹಿಡಿಯವರೆಗೂ ಕೆಲಸ ತೆಗೆಯುವುದು ಆ ಮರಕ್ಕೆ ನಾವು ತೀರಿಸಬೇಕಾದ ಋಣ.