ತಪ್ಪಿದ ಪಾಸಿನ ಬೆಲೆ

ಕಾಮಸಮುದ್ರ, ಬಂಗಾರಪೇಟೆ, ಕೆಜಿಎಫ್ ಕಡೆಯ ಬಯಲುಗಳಲ್ಲಿ ಚೆಂಡು ನೆಟ್ಟಗೆ ಉರುಳುವುದು ಕಡಿಮೆ. ಗರಸು ಮಣ್ಣು, ನಡುನಡುವೆ ತಲೆಯೆತ್ತಿದ ಕಲ್ಲು, ಮಳೆ ಹೋದ ಮೇಲೆ ಉಳಿದ ಕೊರಕಲು. ಇಪ್ಪತ್ತು ಗಜ ಆಚೆ ನಿಂತ ಗೆಳೆಯನಿಗೆ ನೆಲದ ಮೇಲೆ ಚೆಂಡು ತಳ್ಳಿದರೆ ಅದು ಅರ್ಧ ದಾರಿಯಲ್ಲಿ ಎಗರಿ ಮೊಣಕಾಲಿಗೆ ಬರುತ್ತದೆ, ಇಲ್ಲವೇ ಪಕ್ಕಕ್ಕೆ ಹೊರಳಿ ಎದುರಾಳಿಯ ಪಾಲಾಗುತ್ತದೆ. ಆದ್ದರಿಂದ ಇಂಥ ಬಯಲಲ್ಲಿ ಆಡಿ ಬೆಳೆದ ಹುಡುಗ ಚೆಂಡನ್ನು ಕಾಲ ಹತ್ತಿರವೇ ಇಟ್ಟುಕೊಂಡು ಓಡುವುದನ್ನು ಮೊದಲು ಕಲಿಯುತ್ತಾನೆ. ಒಬ್ಬನನ್ನು ದಾಟುತ್ತಾನೆ, ಇಬ್ಬರನ್ನು ದಾಟುತ್ತಾನೆ, ಮೂರನೆಯವನ ಕಾಲಿಗೆ ಸಿಕ್ಕಿ ಬೀಳುತ್ತಾನೆ. ಅಂಚಿನಲ್ಲಿ ನಿಂತವರು ಕನ್ನಡದಲ್ಲಿ, ತೆಲುಗಿನಲ್ಲಿ, ತಮಿಳಿನಲ್ಲಿ ‘ಪಾಸ್ ಕೊಡೋ’ ಎಂದು ಕೂಗುತ್ತಲೇ ಇರುತ್ತಾರೆ. ಅವನು ಕೊಡುವುದಿಲ್ಲ.

ಅವನನ್ನು ಸ್ವಾರ್ಥಿ ಎಂದು ಬೈಯುವುದು ಸುಲಭ. ನನಗೆ ಅದು ಅನ್ಯಾಯವಾಗಿ ಕಾಣುತ್ತದೆ. ಅವನು ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿರುತ್ತಾನೆ: ಈ ನೆಲದ ಮೇಲೆ ಪಾಸು ತಪ್ಪುವ ಸಂಭವ ಹೆಚ್ಚು, ತಪ್ಪಿದರೆ ಗೋಲು ಬೀಳಬಹುದು, ಓಡಿದರೆ ಕನಿಷ್ಠ ಚೆಂಡು ನನ್ನ ಹತ್ತಿರವಾದರೂ ಇರುತ್ತದೆ. ಓಟವನ್ನೇ ನಂಬಿದ ತಂಡ ಎಂದಾದರೂ ಪಾಸಿನ ಆಟಕ್ಕೆ ತೆರೆದುಕೊಂಡೀತೇ ಎಂಬ ಪ್ರಶ್ನೆ ಬಂದಾಗ ಕೋಚಿನ ಧೈರ್ಯ, ಆಟಗಾರರ ಸ್ವಭಾವಗಳ ಮಾತು ಬರುತ್ತದೆ. ಅದಕ್ಕೂ ಮೊದಲು ನೋಡಬೇಕಾದದ್ದು ಈ ಲೆಕ್ಕವನ್ನು. ತಪ್ಪಿದ ಪಾಸಿಗೆ ತಂಡ ತೆರಬೇಕಾದ ಬೆಲೆ ಎಷ್ಟು?

ಒಂದು ಕಾಲದಲ್ಲಿ ಆ ಬೆಲೆಯನ್ನು ನಿಯಮವೇ ಕಟ್ಟಿಕೊಟ್ಟಿತ್ತು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಬರೆದ ಮೊದಲ ನಿಯಮಗಳ ಪ್ರಕಾರ, ಚೆಂಡಿಗಿಂತ ಮುಂದೆ ನಿಂತವನು ಆಟದಿಂದ ಹೊರಗೆ. ಅಂದರೆ ಮುಂದಕ್ಕೆ ಪಾಸು ಕೊಡುವಂತೆಯೇ ಇರಲಿಲ್ಲ. ಒಬ್ಬ ಚೆಂಡು ಹಿಡಿದು ನುಗ್ಗುವುದು, ಉಳಿದವರು ಅವನ ಬೆನ್ನಿಗೆ ಓಡುವುದು, ಅವನು ಕಳೆದುಕೊಂಡರೆ ಇನ್ನೊಬ್ಬ ಎತ್ತಿಕೊಂಡು ಮತ್ತೆ ನುಗ್ಗುವುದು. 1866ರಲ್ಲಿ ನಿಯಮ ಸಡಿಲವಾಯಿತು. ಎದುರಾಳಿ ಗೋಲಿನ ಕಡೆಗೆ ಮೂವರು ಎದುರಾಳಿಗಳಿದ್ದರೆ ಚೆಂಡಿನ ಮುಂದೆ ನಿಂತವನೂ ಪಾಸು ಪಡೆಯಬಹುದಾಯಿತು. ನಿಯಮ ಬದಲಾದರೂ ಇಂಗ್ಲಿಷರ ಆಟ ಕೂಡಲೇ ಬದಲಾಗಲಿಲ್ಲ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ನಡೆದ ಮೊದಲ ಅಧಿಕೃತ ಅಂತರರಾಷ್ಟ್ರೀಯ ಪಂದ್ಯದಲ್ಲಿ ಇಂಗ್ಲೆಂಡಿನವರು ತೂಕದ, ಗಟ್ಟಿ ಆಳುಗಳು. ಕ್ವೀನ್ಸ್ ಪಾರ್ಕ್ ಕ್ಲಬ್ಬಿನಿಂದಲೇ ಬಂದಿದ್ದ ಸ್ಕಾಟ್ಲೆಂಡಿನ ಆಟಗಾರರು ಹಗುರದವರು. ಮೈಗೆ ಮೈ ಕೊಟ್ಟರೆ ಸೋಲು ಖಚಿತ ಎಂದು ಗೊತ್ತಿದ್ದವರು ಜೋಡಿಯಾಗಿ ಚೆಂಡು ದಾಟಿಸಿಕೊಂಡರು. ಪಂದ್ಯ 0-0ಯಲ್ಲಿ ಮುಗಿಯಿತು. ಪಾಸಿನ ಆಟ ಬೆಳೆದದ್ದು ಹೀಗೆ, ಓಟದಲ್ಲಿ ಗೆಲ್ಲಲಾಗದವರ ಕಾಲಲ್ಲಿ.

ಅಮೆರಿಕದವರು ‘ಫುಟ್‌ಬಾಲ್’ ಎಂದು ಕರೆಯುವ, ಚೆಂಡನ್ನು ಕೈಯಲ್ಲಿ ಹಿಡಿದು ಆಡುವ ಆಟದಲ್ಲೂ ಇದೇ ಕತೆ ನಡೆದಿದೆ. ಅಲ್ಲಿ ಬಹುಕಾಲ ಚೆಂಡು ಹಿಡಿದು ಗುಂಪಿಗೆ ಗುಂಪೇ ನುಗ್ಗುವುದೇ ಆಟವಾಗಿತ್ತು. 1905ರಲ್ಲಿ ಮೈದಾನದ ಸಾವುಗಳು ಎಷ್ಟು ಹೆಚ್ಚಿದವೆಂದರೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆಸಿ ಮಾತಾಡಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿತು. ಆದರೆ ಎಸೆದದ್ದು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ 15 ಗಜ ಹಿಂದಕ್ಕೆ, ಯಾರೂ ಮುಟ್ಟದೆಯೇ ಬಿದ್ದರೆ ಚೆಂಡೇ ಎದುರಾಳಿಗೆ. ಇಷ್ಟು ದಂಡ ಇರುವಾಗ ಯಾವ ಕೋಚು ಎಸೆಯಲು ಹೇಳಿಯಾನು? ದಂಡ ಇಳಿದ ಮೇಲೆಯೇ, 1913ರಲ್ಲಿ, ನೋಟರ್ ಡೇಮ್ ಕಾಲೇಜು ಬಲಿಷ್ಠ ಆರ್ಮಿ ತಂಡವನ್ನು ಎಸೆತಗಳಿಂದ 35-13ರಲ್ಲಿ ಸೋಲಿಸಿತು. ಇಂದಿಗೂ ಅಲ್ಲಿ ಓಟವನ್ನೇ ನೆಚ್ಚಿದ ತಂಡಗಳಿವೆ. ಅವು ಪಾಸನ್ನು ಬಳಸುವ ಬಗೆಯಲ್ಲಿ ಒಂದು ಜಾಣ್ಮೆ ಇದೆ. ಓಡುವವನಿಗೆ ಚೆಂಡು ಕೊಟ್ಟಂತೆ ನಟಿಸುತ್ತಾರೆ. ಓಟಕ್ಕೆ ಹೆದರಿದ ರಕ್ಷಕರು ಮುಂದೆ ನುಗ್ಗಿ ಬರುತ್ತಾರೆ. ಅವರ ಬೆನ್ನ ಹಿಂದೆ ತೆರವಾದ ಜಾಗಕ್ಕೆ ಚೆಂಡು ಎಸೆಯುತ್ತಾರೆ. ಓಟ ಹೆದರಿಸುವಂತಿದ್ದರೆ ಪಾಸಿಗೆ ಜಾಗ ತಾನೇ ಹುಟ್ಟುತ್ತದೆ.

ನಮ್ಮ ಕಡೆಗೆ ಬರೋಣ. ದಂಡು ಪ್ರದೇಶದ ಸೈನಿಕರಿಂದ ಬೆಂಗಳೂರಿಗೆ ಬಂದ ಫುಟ್‌ಬಾಲನ್ನು ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಬೀದಿಗಳು ತಮ್ಮದಾಗಿಸಿಕೊಂಡವು. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಆ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಗೆದ್ದಿತು. ಬರಿಗಾಲಲ್ಲಿ ಆಡಿ ಬೆಳೆದ ಆ ಪೀಳಿಗೆಗೆ ಚೆಂಡಿನ ಮೇಲಿದ್ದ ಹಿಡಿತ ಅಸಾಧಾರಣದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 1-2ರಲ್ಲಿ ಸೋತಾಗ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ವಿರುದ್ಧ 1-10ರ ಸೋಲಿನಲ್ಲಿ ಆ ಒಂದು ಗೋಲು ಹೊಡೆದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಕಲ್ಕತ್ತೆಯಲ್ಲಿ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ ಫಾರ್ವರ್ಡುಗಳಲ್ಲಿ ಅವರೂ ಒಬ್ಬರು, ನಮ್ಮ ಧನರಾಜ್ ಇನ್ನೊಬ್ಬರು.

ಹೆಲ್ಸಿಂಕಿಯ ಚಳಿಯಲ್ಲಿ ಬಹುಪಾಲು ಬರಿಗಾಲಲ್ಲೇ ಆಡಿದ ತಂಡಕ್ಕೆ ಹತ್ತು ಗೋಲು ಬಿದ್ದದ್ದು ಭಾರತದ ಆಟವನ್ನು ಅಲ್ಲಾಡಿಸಿತು. ಬೂಟು ಕಡ್ಡಾಯವಾಯಿತು. ಆ ತಂಡದ ಕೋಚು, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ, ಬೂಟಿಗೆ ನಿಲ್ಲಲಿಲ್ಲ. ಶಾಲಾ ಮೇಷ್ಟರಾಗಿದ್ದ ಅವರು ಹೈದರಾಬಾದಿನಲ್ಲಿ ಡ್ರಿಬ್ಲಿಂಗ್ ಮಾಡುವಂತೆಯೇ ಇಲ್ಲ ಎಂಬ ಕಟ್ಟಳೆಯ ಪಂದ್ಯಾವಳಿಗಳನ್ನು ನಡೆಸಿದರು. ಬಲವಿಲ್ಲದ ಕಾಲಲ್ಲೇ, ಅಂದರೆ ಬಲಗಾಲಿನವನು ಎಡಗಾಲಲ್ಲೇ ಆಡಬೇಕೆಂಬ ಪಂದ್ಯಾವಳಿಯನ್ನೂ ನಡೆಸಿದರು. ಇದರಲ್ಲಿ ದೊಡ್ಡ ಬುದ್ಧಿವಂತಿಕೆ ಇದೆ ಎಂದು ನನ್ನ ನಂಬಿಕೆ. ಎರಡೂ ತಂಡಗಳಿಗೆ ಓಟ ನಿಷಿದ್ಧವಾದಾಗ ಎರಡೂ ಕಡೆ ಪಾಸು ತಪ್ಪುತ್ತವೆ. ತಪ್ಪಿದವನನ್ನು ಯಾರೂ ಬೈಯುವಂತಿಲ್ಲ. ಕಲಿಯುವ ಹುಡುಗನಿಗೆ ತಪ್ಪಿನ ಬೆಲೆ ಇಳಿಸಿದ್ದೇ ರಹೀಮರ ಪಾಠ. ಅವರ ಕೈಕೆಳಗೆ ಭಾರತ 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ಮುಟ್ಟಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಲ್ಲಿ ಸೋಲಿಸಿ ಚಿನ್ನ ತಂದಿತು.

ಇಂಥ ಬದಲಾವಣೆಯನ್ನು ನಮ್ಮ ಕಣ್ಣೆದುರಿಗೇ ತೋರಿಸಿದ ತಂಡ ಬೆಂಗಳೂರು ಎಫ್‌ಸಿ. ಕಾಮಸಮುದ್ರದಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ ದಂಡು ನಿಲ್ದಾಣದಲ್ಲಿ ಇಳಿದರೆ ಕಂಠೀರವ ಕ್ರೀಡಾಂಗಣ ದೂರವಲ್ಲ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದುಡಿಮೆಗಾಗಿ ದಿನವೂ ಬೆಂಗಳೂರಿಗೆ ಹೋಗಿಬರುವ ಈ ಸೀಮೆಯವರಿಗೆ ಆ ದಾರಿ ಅಂಗೈ ಗೆರೆಯಷ್ಟು ಪರಿಚಿತ.

2013ರಲ್ಲಿ ಹುಟ್ಟಿದ ಕ್ಲಬ್ಬಿಗೆ ಮೊದಲ ಕೋಚು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಅವರ ಆಟಕ್ಕೆ ಬಳಸು ದಾರಿ ಗೊತ್ತಿರಲಿಲ್ಲ. ಆಟಗಾರರ ಮೈ ಹುರಿಗೊಳಿಸುವುದು, ಚೆಂಡು ಸಿಕ್ಕ ಕೂಡಲೇ ಮುಂದಕ್ಕೆ ಕಳಿಸುವುದು, ಎದುರಾಳಿಯ ಮೇಲೆ ಎಡೆಬಿಡದೆ ಏರಿಹೋಗುವುದು, ಕಾರ್ನರ್ ಮತ್ತು ಫ್ರೀ ಕಿಕ್‌ಗಳನ್ನು ಗೋಲಾಗಿಸುವುದು. ಮೊದಲ ವರ್ಷವೇ, 2013-14ರಲ್ಲಿ, ತಂಡ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. ಗೆಲ್ಲುತ್ತಿರುವ ತಂಡ ಆಟ ಬದಲಿಸುವುದೇಕೆ ಎಂದು ಯಾರಾದರೂ ಕೇಳುತ್ತಾರೆ. ಕ್ಲಬ್ಬು ಬದಲಿಸಿತು. 2016ರ ಜುಲೈನಲ್ಲಿ ಬಂದ ಆಲ್ಬರ್ಟ್ ರೋಕಾ ಸ್ಪೇನಿನವರು, ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್‌ರ ಸಹಾಯಕರಾಗಿದ್ದವರು. ಗೋಲ್‌ಕೀಪರ್‌ನಿಂದಲೇ ಆಟ ಕಟ್ಟಬೇಕು, ಬ್ಯಾಕ್‌ಗಳು ಚೆಂಡನ್ನು ಎತ್ತಿ ಒದೆಯದೆ ಕಾಲಿಂದ ಕಾಲಿಗೆ ದಾಟಿಸಬೇಕು ಎಂಬುದು ಅವರ ಪಾಠ.

ಫಲ ಮೊದಲು ಸಿಹಿಯಾಗಿತ್ತು. ಅದೇ ವರ್ಷ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿ, ಆ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0-1ರಲ್ಲಿ ಸೋತಿತು. ಆಮೇಲೆ ಬಂದದ್ದು ಬೆಲೆ ತೆರುವ ಕಾಲ. 2016-17ರ ಐ-ಲೀಗ್‌ನಲ್ಲಿ ಹಾಲಿ ಚಾಂಪಿಯನ್ನರು ನಾಲ್ಕನೆಯ ಸ್ಥಾನಕ್ಕೆ ಇಳಿದರು. ಕ್ಲಬ್ಬು ರೋಕಾರನ್ನು ಕಳಿಸಲಿಲ್ಲ. ಇಡೀ ಕತೆಯಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ನಿರ್ಧಾರ ಇದೇ. ಆ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನನ್ನು 2-0ಯಲ್ಲಿ ಸೋಲಿಸಿ ಫೆಡರೇಷನ್ ಕಪ್ ಬಂತು. ಮುಂದಿನ ಋತುವಿಗೆ ನಡುಭಾಗದಲ್ಲಿ ಚೆಂಡು ಕಾಯ್ದುಕೊಳ್ಳಬಲ್ಲ ಡಿಮಾಸ್ ಡೆಲ್ಗಾಡೊ, ಎರಿಕ್ ಪಾರ್ತಾಲು ಬಂದರು, ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ನಿಂತರು. ಐ-ಲೀಗ್ ಬಿಟ್ಟು ಸೇರಿದ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) 2017-18ರ ಋತುವಿನಲ್ಲಿ 18 ಪಂದ್ಯಗಳಿಂದ 40 ಅಂಕ ಗಳಿಸಿ ಮೊದಲ ಸ್ಥಾನ.

ಇಲ್ಲಿ ಒಂದು ಪಾಸನ್ನು ಹತ್ತಿರದಿಂದ ನೋಡಬೇಕು. ಎಡಬದಿಯ ಬ್ಯಾಕ್ ಹತ್ತಿರ ಚೆಂಡಿದೆ, ಎದುರಾಳಿ ಅವನತ್ತ ಓಡಿಬರುತ್ತಿದ್ದಾನೆ. ನಡುವಿನ ಹಾಫ್ ನೆಟ್ಟಗೆ ಎದುರಾಳಿಯ ಬೆನ್ನ ಹಿಂದೆ ನಿಂತರೆ ಪಾಸಿನ ದಾರಿಯೇ ಕಾಣದು. ಅವನು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿಯಬೇಕು, ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ಒಮ್ಮೆ ನೋಡಿಕೊಳ್ಳಬೇಕು, ಮೈಯನ್ನು ಅರ್ಧ ತಿರುಗಿಸಿ ನಿಲ್ಲಬೇಕು. ಆಗ ಚೆಂಡು ಅವನ ದೂರದ ಕಾಲಿಗೆ ಬರುತ್ತದೆ, ಮೊದಲ ಸ್ಪರ್ಶದಲ್ಲೇ ಅವನು ಮುಂದೆ ನೋಡುತ್ತಾನೆ. ಅದೇ ಹೊತ್ತಿಗೆ ಇನ್ನೊಬ್ಬ ಬ್ಯಾಕ್ ಸ್ವಲ್ಪ ಒಳಗೆ ಬಂದು ನಿಂತಿರುತ್ತಾನೆ. ಪಾಸು ತಪ್ಪಿದರೆ ಚೆಂಡು ಗೋಲಿಗೆ ಹೋಗುವ ದಾರಿಯಲ್ಲಿ ಅವನಿರುತ್ತಾನೆ. ಪಾಸು ಕೊಟ್ಟವನೊಬ್ಬ, ಅದನ್ನು ಸಾಧ್ಯ ಮಾಡಿದವರು ಚೆಂಡಿಲ್ಲದ ಇಬ್ಬರು. ಹತ್ತು ಮಂದಿ ಸರಿಯಾಗಿ ನಿಂತರೆ ತಪ್ಪಿನ ಬೆಲೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಓಟ ಹೋಯಿತೇ? ಹೋಗಲಿಲ್ಲ. ಆ ತಂಡದ ಬಲ ಅಂಚಿನಲ್ಲಿ ಮಣಿಪುರದ ಉದಾಂತ ಸಿಂಗ್ ಓಡುತ್ತಿದ್ದರು. ಡೆಲ್ಗಾಡೊ ಚೆಂಡು ಹಿಡಿದು ನಾಲ್ಕು ಮಂದಿಯನ್ನು ತನ್ನತ್ತ ಸೆಳೆದಷ್ಟೂ ಉದಾಂತರಿಗೆ ಬಯಲು ಅಗಲವಾಗುತ್ತಿತ್ತು. ಹಳೆಯ ಬಲವೂ ಬೇಕೇ ಬೇಕಾಗಿತ್ತು. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಐಎಸ್‌ಎಲ್ ಫೈನಲ್‌ನಲ್ಲಿ ಚೆನ್ನೈಯಿನ್ ತಂಡ ಬೆಂಗಳೂರನ್ನು 3-2ರಲ್ಲಿ ಸೋಲಿಸಿತು. ಅದರ ಎರಡು ಗೋಲು ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ತಲೆಯಲ್ಲಿ ಹೊಡೆದವು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈನಲ್ಲಿ, ರೋಕಾರ ಜಾಗಕ್ಕೆ ಬಂದಿದ್ದ ಕಾರ್ಲೆಸ್ ಕ್ವಾಡ್ರಾಟ್‌ರ ತಂಡ ಗೋವಾ ವಿರುದ್ಧ ಹೆಚ್ಚುವರಿ ವೇಳೆಯಲ್ಲಿ 1-0ಯಿಂದ ಗೆದ್ದು ಪ್ರಶಸ್ತಿ ಎತ್ತಿತು. ಆ ಗೋಲು ಕೂಡ ಕಾರ್ನರ್‌ನಿಂದಲೇ, ರಾಹುಲ್ ಭೆಕೆಯ ತಲೆಯಿಂದ. ಪಾಸಿನ ಆಟಕ್ಕೆ ತೆರೆದುಕೊಂಡ ತಂಡ ಹಳೆಯ ವಿದ್ಯೆಯನ್ನು ಮರೆತರೆ ಕೆಟ್ಟಿತು ಎಂಬುದನ್ನು ಈ ಎರಡು ಮಾರ್ಚ್‌ಗಳಿಗಿಂತ ಸ್ಪಷ್ಟವಾಗಿ ಬೇರೇನೂ ಹೇಳಲಾರದು.

ಹೋಬಳಿ ಮಟ್ಟದ ತಂಡಕ್ಕೆ ಡೆಲ್ಗಾಡೊ ಬರುವುದಿಲ್ಲ, ಹುಲ್ಲಿನ ಮೈದಾನವೂ ಬರುವುದಿಲ್ಲ. ರಹೀಮರ ಉಪಾಯ ಮಾತ್ರ ಪುಕ್ಕಟೆ. ಶಾಲೆಯ ಪಿಟಿ ಮೇಷ್ಟರು ಅಭ್ಯಾಸದ ಪಂದ್ಯದಲ್ಲಿ ಒಬ್ಬೊಬ್ಬನಿಗೆ ಮೂರೇ ಸ್ಪರ್ಶ ಎಂದು ಕಟ್ಟಳೆ ಹಾಕಬಹುದು. ಬಯಲನ್ನು ಅರ್ಧ ಮಾಡಿ ಆರಾರು ಮಂದಿಯನ್ನು ಆಡಿಸಬಹುದು. ಆಗ ಪಾಸು ಹತ್ತು ಗಜದೊಳಗೇ ಮುಗಿಯುತ್ತದೆ, ಕಲ್ಲಿಗೆ ಸಿಕ್ಕುವುದೂ ಕಡಿಮೆಯಾಗುತ್ತದೆ. ಚೆಂಡಿನ ಗಾಳಿ ತುಸು ಇಳಿಸಿದರೆ ಗರಸಿನ ಮೇಲೆ ಎಗರುವುದು ತಗ್ಗುತ್ತದೆ. ಶುರು ಮಾಡಬೇಕಾದದ್ದು ಹಿಂದಿನಿಂದ. ಬೇರೆಲ್ಲೂ ಜಾಗ ಸಿಗದ ದಪ್ಪ ಹುಡುಗನನ್ನು ಬ್ಯಾಕ್‌ಗೆ ನಿಲ್ಲಿಸಿ ‘ಬಂದದ್ದನ್ನು ಎತ್ತಿ ಒದಿ’ ಎಂದು ಹೇಳುವ ರೂಢಿ ಎಲ್ಲ ಕಡೆ ಇದೆ. ತಂಡದಲ್ಲಿ ಚೆಂಡಿನ ಮೇಲೆ ಒಳ್ಳೆಯ ಹಿಡಿತವಿರುವ ಒಬ್ಬನನ್ನಾದರೂ ಆ ಜಾಗಕ್ಕೆ ತರಬೇಕು. ಮೊದಲ ಪಂದ್ಯಾವಳಿಯಲ್ಲಿ ಅವನಿಂದ ಗೋಲು ಬೀಳುತ್ತದೆ, ಊರಿನ ಹಿರಿಯರು ಅಂಚಿನಿಂದ ಕೂಗುತ್ತಾರೆ. ಮೇಷ್ಟರು ಅವನನ್ನು ಹೊರಗೆ ಕರೆಯದೆ ಅಲ್ಲೇ ಬಿಟ್ಟರೆ, ಪಕ್ಕದ ಇಬ್ಬರಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿದರೆ, ಎರಡನೆಯ ಪಂದ್ಯಾವಳಿಯ ಹೊತ್ತಿಗೆ ಆ ತಂಡ ಬೇರೆಯಾಗಿರುತ್ತದೆ.